ಬೀಜದ ಟಗರಿನ ಹೊಟ್ಟೆಯ ಕೆಳಗೂ ಒಮ್ಮೆ ನೋಡಿ

ಕಾಳಗಕ್ಕೆ ಟಗರು ಸಾಕುವವರು ಅದರ ಕೋಡಿಗೆ ಎಣ್ಣೆ ಹಚ್ಚುತ್ತಾರೆ, ಹಣೆಗೆ ಭಂಡಾರ ಬಳಿಯುತ್ತಾರೆ, ಕೊರಳಿಗೆ ಗೆಜ್ಜೆ ಕಟ್ಟುತ್ತಾರೆ. ಹಿಂಡಿಗೆ ಬಿಡುವ ಬೀಜದ ಟಗರಿಗೆ ಆ ವೈಭವ ಬೇಕಿಲ್ಲ. ಅದರ ಗೊರಸು, ಬೀಜದ ಚೀಲ, ಮೂತ್ರ ಬರುವ ಜಾಗ ಸ್ವಚ್ಛವಾಗಿದ್ದರೆ ಸಾಕು. 25-30 ಕುರಿಗಳಿಗೆ ಒಂದೇ ಟಗರು ಇರುವಾಗ ಅದೊಂದು ಕೆಟ್ಟರೆ ಆ ಹಂಗಾಮಿನ ಮರಿಗಳೇ ಹೋದವು.

ಟಗರಿನ ವೀರ್ಯಾಣು ಹುಟ್ಟಿ, ಬಲಿತು ಹೊರಬರಲು ಸುಮಾರು ಎರಡು ತಿಂಗಳು ಬೇಕು. ಆಷಾಢದಲ್ಲಿ ಹಿಂಡಿಗೆ ಬಿಡುವವರು ಬಸವ ಜಯಂತಿ ಮುಗಿಯುತ್ತಲೇ ಆರೈಕೆಗೆ ಕೈಹಚ್ಚಬೇಕು. ಮೇ ತಿಂಗಳ ಜ್ವರ, ಬಾವು, ಬಿಸಿಲಿನ ಹೊಡೆತ ಜುಲೈನಲ್ಲಿ ಫಲ ಕೊಡುತ್ತವೆ: ಟಗರು ಹಾರುತ್ತದೆ, ಕುರಿ ಗಬ್ಬ ನಿಲ್ಲುವುದಿಲ್ಲ. ಬೀಜಗಳು ಮೈಗಿಂತ ನಾಲ್ಕಾರು ಡಿಗ್ರಿ ತಂಪಾಗಿರಬೇಕು. ಡೆಕ್ಕನಿ ಟಗರಿನ ಚೀಲದ ಮೇಲೆ ತುಪ್ಪಳ ದಟ್ಟವಾಗಿದ್ದರೆ ಕತ್ತರಿಯಿಂದ ಜೋಪಾನವಾಗಿ ಇಳಿಸಿ, ತೊಗಲು ಕೊಯ್ಯದಿರಲಿ. ಅಲ್ಲೇ ಉಣ್ಣಿಗಳೂ ಅಡಗಿರುತ್ತವೆ. ಎರಡೂ ಬೀಜ ಸಮನಾಗಿ, ಗಟ್ಟಿಯಾಗಿ, ಗಂಟಿಲ್ಲದೆ ಇವೆಯೇ ಎಂದು ಕೈಯಾಡಿಸಿ ನೋಡಿ.

ನವಲಗುಂದ, ಅಣ್ಣಿಗೇರಿಯ ಎರೆ ಮಣ್ಣು ಗೊರಸಿನ ಸಂದಿನಲ್ಲಿ ಅಂಟಿ, ಒಣಗಿ ಕಲ್ಲಾಗುತ್ತದೆ. ಕಲಘಟಗಿ ಕಡೆ ಮಳೆ ಹೆಚ್ಚು, ಒದ್ದೆ ದಡ್ಡಿಯಲ್ಲಿ ಗೊರಸು ಕೊಳೆಯುತ್ತದೆ. ಹಾರುವಾಗ ಇಡೀ ಭಾರ ಹಿಂಗಾಲ ಮೇಲೆ ಬೀಳುವುದರಿಂದ ಹಿಂಗಾಲು ಕುಂಟುವ ಟಗರು ಕೆಲಸಕ್ಕೆ ಬಾರದು. ಬೆಳೆದ ಗೊರಸನ್ನು ಸ್ವಲ್ಪ ಸ್ವಲ್ಪವೇ ಹೆರೆಯಿರಿ, ನಸುಗೆಂಪು ಬಣ್ಣ ಕಂಡೊಡನೆ ನಿಲ್ಲಿಸಿ. 10 ಲೀಟರ್ ನೀರಿಗೆ 1 ಕಿಲೊ ಜಿಂಕ್ ಸಲ್ಫೇಟ್ ಕರಗಿಸಿ ಅದರಲ್ಲಿ ಹತ್ತು ನಿಮಿಷ ನಿಲ್ಲಿಸಿ. ಮೈಲುತುತ್ತ ಬೇಡ, ಕುಡಿದರೆ ಕುರಿಗೆ ಅದು ವಿಷ.

ಹೆಚ್ಚು ಜನ ನೋಡದೇ ಬಿಡುವುದು ಮೂತ್ರದ ಜಾಗವನ್ನು. ಅಲ್ಲಿಯ ಕೂದಲಿಗೆ ಸಗಣಿ, ಮೂತ್ರ ಅಂಟಿ ಜಡೆಗಟ್ಟಿದರೆ ತೊಗಲು ಹುಣ್ಣಾಗುತ್ತದೆ. ಶೇಂಗಾ ಹಿಂಡಿ, ತೊಗರಿ ನುಚ್ಚು ಧಾರಾಳವಾಗಿ ತಿನ್ನುವ ಟಗರಿಗೆ ಈ ಕಾಟ ಜಾಸ್ತಿ, ಏಕೆಂದರೆ ಮೂತ್ರದಲ್ಲಿ ಯೂರಿಯಾ ಹೆಚ್ಚಿ, ಸೂಕ್ಷ್ಮಜೀವಿಗಳು ಅದನ್ನು ತೊಗಲು ಸುಡುವ ಅಮೋನಿಯಾ ಮಾಡುತ್ತವೆ. ಕೂದಲನ್ನು ಒಂದು ಇಂಚಿನಷ್ಟು ಬಿಟ್ಟು ಕತ್ತರಿಸಿ, ಹೊರಗಿನಿಂದ ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ತೊಳೆದು ಒರೆಸಿ. ಒಳಕ್ಕೆ ಏನನ್ನೂ ತೂರಿಸಬೇಡಿ.

ಕೂದಲ ತುದಿಗೆ ಮರಳಿನಂಥ ಹರಳು ಕಂಡರೆ ಎಚ್ಚರ, ಅದು ಮೂತ್ರಕಲ್ಲಿನ ಗುರುತು. ಗೋವಿನಜೋಳ, ಗೋಧಿ ಬೂಸಾ ಹೆಚ್ಚಾಗಿ ನೀರು ಕಡಿಮೆಯಾದಾಗ ಕಲ್ಲು ಕಟ್ಟುತ್ತದೆ. ಹೆಣ್ಣಿಗಿಂತ ಗಂಡಿನ ಮೂತ್ರನಾಳ ಸಪೂರ, ಅಂಕುಡೊಂಕು. ತುದಿಯಲ್ಲಿ ಎರೆಹುಳದಂಥ ಎಳೆಯೊಂದಿದೆ, ಕಲ್ಲು ಬಹಳ ಸಲ ಸಿಕ್ಕಿಕೊಳ್ಳುವುದು ಅಲ್ಲೇ. ಟಗರು ಮತ್ತೆ ಮತ್ತೆ ಮುಕ್ಕಿ, ಬಾಲ ಅಲ್ಲಾಡಿಸಿ, ಹನಿ ಹನಿ ಉಚ್ಚೆ ಹೊಯ್ದರೆ ಅದನ್ನು ಹೊಟ್ಟೆನೋವೆಂದು ಬಿಟ್ಟು ಕೂರಬೇಡಿ, ಮೂತ್ರಚೀಲ ಒಡೆದರೆ ಉಳಿಯುವುದು ಕಷ್ಟ. ಅಂದೇ 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ. ಮೇವಿನ ಜೊತೆ ಉಪ್ಪು ಕೊಟ್ಟರೆ ನೀರು ಹೆಚ್ಚು ಕುಡಿಯುತ್ತದೆ. ಬೇಸಿಗೆಯಲ್ಲಿ ದೋಣಿ ಒಣಗಬಾರದು.

ಉಣ್ಣಿ ಔಷಧಿಯ ಸ್ನಾನ ಬಿಸಿಲಿರುವ ಮುಂಜಾನೆ ಆಗಲಿ, ಮೊದಲು ಹೊಟ್ಟೆತುಂಬ ನೀರು ಕುಡಿಸಿ, ಇಲ್ಲವಾದರೆ ಔಷಧಿಯನ್ನೇ ಕುಡಿದೀತು. ತುಪ್ಪಳ ಕತ್ತರಿಸಿದ ಗಾಯ ಮಾಯುವವರೆಗೆ ಕಾಯಿರಿ. ಗುದ್ದಾಡಿ ಕೋಡಿನ ಬುಡ ಒಡೆದಿದ್ದರೆ ನೊಣ ಕೂತು ಹುಳ ಬೀಳುತ್ತದೆ, ದಿನವೂ ನೋಡಿ.

ಬೀಜ ಬಾತ ಟಗರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬ್ರುಸೆಲ್ಲಾ ರೋಗವಿದ್ದರೆ ಅದು ಮನುಷ್ಯರಿಗೂ ದಾಟುತ್ತದೆ, ವಾರಗಟ್ಟಲೆ ಜ್ವರ, ಕೀಲುನೋವು ತರುತ್ತದೆ. ಸಂತೆಯಿಂದ ಹೊಸ ಟಗರು ತಂದರೆ ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗೆ ಹಿಂಡಿನಿಂದ ದೂರ ಕಟ್ಟಿ.