ಬಾಹ್ಯಾಕಾಶದಿಂದ ಬಂದವರಿಗೆ ನಿಲ್ಲಲು ಯಾಕೆ ಕಷ್ಟ?

ಪ್ರಶ್ನೆ: ಸುನೀತಾ ವಿಲಿಯಮ್ಸ್ ಭೂಮಿಗೆ ಇಳಿದಾಗ ಅವರನ್ನು ಸ್ಟ್ರೆಚರ್ ಮೇಲೆ ಕರೆದೊಯ್ದರು. ಅಲ್ಲಿ ಅವರು ದಿನವೂ ಎರಡು ಗಂಟೆ ವ್ಯಾಯಾಮ ಮಾಡುತ್ತಿದ್ದರು ಎಂದು ಓದಿದ್ದೇನೆ. ಅಷ್ಟು ಮಾಡಿಯೂ ನಿಲ್ಲಲಾಗದಿದ್ದರೆ ಆ ವ್ಯಾಯಾಮದಿಂದ ಏನು ಪ್ರಯೋಜನ? ತೂಕವೇ ಇಲ್ಲದ ಕಡೆ ತೂಕ ಎತ್ತುವುದಾದರೂ ಹೇಗೆ?
– ಪಿಯುಸಿ ವಿದ್ಯಾರ್ಥಿನಿ, ಹಾವೇರಿ

ಉತ್ತರ: ವ್ಯಾಯಾಮದ ಬೆಲೆ ತಿಳಿಯಬೇಕಾದರೆ ಅದಕ್ಕೆ ಸರಿಯಾದ ಏರ್ಪಾಡಿಲ್ಲದ ಕಾಲದಲ್ಲಿ ಏನಾಗಿತ್ತು ಎಂದು ನೋಡಬೇಕು. 1970ರ ಜೂನ್‌ನಲ್ಲಿ ಸೋವಿಯತ್ ಒಕ್ಕೂಟದ ಆಂದ್ರಿಯಾನ್ ನಿಕೊಲಾಯೆವ್ ಮತ್ತು ವಿತಾಲಿ ಸೆವಸ್ತ್ಯಾನೊವ್ ಸೋಯುಜ್-9 ನೌಕೆಯಲ್ಲಿ ಸುಮಾರು 18 ದಿನ ಇದ್ದರು. ಮೇಲಿದ್ದಾಗ ಚೆನ್ನಾಗಿಯೇ ಇದ್ದರು, ಭೂಮಿಯ ಮೇಲಿದ್ದವರ ಜೊತೆ ರೇಡಿಯೊ ಮೂಲಕ ಒಂದು ಆಟ ಚೆಸ್ಸನ್ನೂ ಆಡಿದರು. ಕೆಳಗೆ ಬಂದಾಗ ಮಾತ್ರ ಎದ್ದು ನಿಲ್ಲಲಾಗಲಿಲ್ಲ. ಅವರನ್ನು ಎತ್ತಿಕೊಂಡು ಹೋಗಬೇಕಾಯಿತು. ಸರಿಯಾಗಿ ನಡೆದಾಡಲು ದಿನಗಳೇ ಹಿಡಿದವು. ಮನುಷ್ಯ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲನೇ ಎಂಬ ಅನುಮಾನ ಆಗ ಗಟ್ಟಿಯಾಗಿಯೇ ಎದ್ದಿತ್ತು.

ಈಗ ಇನ್ನೊಬ್ಬರ ವಿಷಯ ಕೇಳಿ. ವಲೇರಿ ಪೊಲ್ಯಾಕೊವ್ ವೃತ್ತಿಯಿಂದ ವೈದ್ಯರು. 1994ರ ಜನವರಿಯಲ್ಲಿ ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದವರು 437 ದಿನ ಬಿಟ್ಟು 1995ರ ಮಾರ್ಚ್‌ನಲ್ಲಿ ಇಳಿದರು. ಒಂದೇ ಪ್ರಯಾಣದಲ್ಲಿ ಅಷ್ಟು ದೀರ್ಘಕಾಲ ಇದ್ದು ಬಂದವರು ಇವತ್ತಿಗೂ ಬೇರೆ ಯಾರೂ ಇಲ್ಲ. ಇಳಿದವರನ್ನು ಹೊತ್ತು ಕುರ್ಚಿಯಲ್ಲಿ ಕೂರಿಸುವುದು ಅಲ್ಲಿನ ಪದ್ಧತಿ. ಅವರು ಅದಕ್ಕೆ ಒಪ್ಪದೆ, ಕುರ್ಚಿಯವರೆಗಿನ ನಾಲ್ಕು ಹೆಜ್ಜೆಯನ್ನು ತಾವೇ ನಡೆದರು. ಮಂಗಳ ಗ್ರಹಕ್ಕೆ ಹೋಗಿ ಇಳಿದವರು ತಮ್ಮ ಕಾಲ ಮೇಲೆ ನಿಂತು ಕೆಲಸ ಮಾಡಬಲ್ಲರು ಎಂದು ತೋರಿಸುವುದು ಅವರ ಹಟವಾಗಿತ್ತು. ಹದಿನೆಂಟು ದಿನಕ್ಕೆ ಮಲಗಿದವರಿಗೂ 437 ದಿನದ ನಂತರ ನಡೆದವರಿಗೂ ನಡುವೆ 25 ವರ್ಷದ ಕಲಿಕೆ ಇದೆ. ಆ ಕಲಿಕೆಯ ದೊಡ್ಡ ಪಾಲು ವ್ಯಾಯಾಮದ್ದು.

ಹಾಗಾದರೆ ಸುನೀತಾ ಅವರಿಗೆ ಸ್ಟ್ರೆಚರ್ ಯಾಕೆ? ಎಂಟು ದಿನಕ್ಕೆಂದು 2024ರ ಜೂನ್‌ನಲ್ಲಿ ಹೋದ ಅವರು ಮರಳಿದ್ದು 2025ರ ಮಾರ್ಚ್‌ನಲ್ಲಿ, 286 ದಿನಗಳ ಮೇಲೆ. ಸ್ಟ್ರೆಚರ್ ಎಂಬುದು ದೀರ್ಘಕಾಲ ಇದ್ದು ಬಂದ ಎಲ್ಲರಿಗೂ ಅನ್ವಯಿಸುವ ಎಚ್ಚರಿಕೆಯ ಕ್ರಮ. ಅದನ್ನು ನೋಡಿ ಅವರ ಕಾಲಲ್ಲಿ ಕಸುವೇ ಉಳಿದಿಲ್ಲ ಎಂದುಕೊಳ್ಳಬೇಡಿ. ಇಳಿದ ಕೂಡಲೇ ಕೈಕೊಡುವುದು ಮುಖ್ಯವಾಗಿ ಎರಡು: ಒಳಕಿವಿ ಮತ್ತು ರಕ್ತದೊತ್ತಡ. ಇವೆರಡಕ್ಕೂ ವ್ಯಾಯಾಮ ಪೂರ್ತಿ ಮದ್ದಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಮಾಡಿಕೊಂಡು ಮುಂದೆ ಹೋಗೋಣ. ಸುನೀತಾ ಇದ್ದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಸೆಳೆತ ಇಲ್ಲವೆಂದಲ್ಲ, ಇಲ್ಲಿನದರ ಶೇ 90ರಷ್ಟು ಇದೆ. ಆದರೆ ನಿಲ್ದಾಣವೂ ಅದರೊಳಗಿನ ಮನುಷ್ಯರೂ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುತ್ತಾರೆ. ಎಲ್ಲವೂ ಒಟ್ಟಿಗೆ ಬೀಳುವಾಗ ಯಾವುದೂ ಯಾವುದರ ಮೇಲೂ ಊರುವುದಿಲ್ಲ. ಪಾದದ ಕೆಳಗೆ ನೆಲ ಒತ್ತುವುದಿಲ್ಲ. ತೂಕವಿಲ್ಲ ಎಂದರೆ ಇದೇ.

ಈ ಸ್ಥಿತಿಯಲ್ಲಿ ದೇಹ ಕೆಡುತ್ತದೆ ಎಂದು ಬರೆಯುವುದು ರೂಢಿ. ನನಗೆ ಆ ಮಾತು ಒಪ್ಪಿಗೆಯಿಲ್ಲ. ದೇಹ ಅಲ್ಲಿ ಮಾಡುವುದೆಲ್ಲ ಆ ಜಾಗಕ್ಕೆ ತಕ್ಕ ಕೆಲಸವೇ. ನಿಲ್ಲುವ ಅಗತ್ಯವಿಲ್ಲದ ಕಡೆ ನಿಲ್ಲುವ ಸಲಕರಣೆಯನ್ನು ಅದು ಕಡಿಮೆ ಮಾಡುತ್ತದೆ. ತೊಂದರೆ ಬರುವುದು ನಾವು ಅವರನ್ನು ಭೂಮಿಗೆ ವಾಪಸು ಕರೆಯುವುದರಿಂದ.

ಮೊದಲು ಬದಲಾಗುವುದು ದೇಹದ ದ್ರವ. ಇಲ್ಲಿ ರಕ್ತವೂ ಇತರ ದ್ರವಗಳೂ ಕಾಲಿನ ಕಡೆ ಇಳಿಯಲು ನೋಡುತ್ತವೆ, ಹೃದಯ ಮತ್ತು ರಕ್ತನಾಳಗಳು ಅವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ತೂಕ ಹೋದ ಕೂಡಲೇ ಇಳಿಯುವುದು ನಿಂತು, ಕಾಲಿನಿಂದ ಒಂದೆರಡು ಲೀಟರಿನಷ್ಟು ದ್ರವ ಎದೆ, ತಲೆಯ ಕಡೆ ಸರಿಯುತ್ತದೆ. ಮುಖ ಊದಿಕೊಳ್ಳುತ್ತದೆ, ಕಾಲು ಸಣ್ಣಗಾಗುತ್ತದೆ, ಮೂಗು ಕಟ್ಟಿದಂತಾಗಿ ಊಟದ ರುಚಿ ಮಂಕಾಗುತ್ತದೆ. ಅದಕ್ಕೇ ಅಲ್ಲಿ ಖಾರದ ತಿನಿಸಿಗೆ ಬೇಡಿಕೆ ಹೆಚ್ಚು. ಎದೆಯ ಭಾಗದಲ್ಲಿ ದ್ರವ ಹೆಚ್ಚಾಗಿದೆ ಎಂದು ತಿಳಿದ ದೇಹ ರಕ್ತದ ನೀರಿನಂಶವನ್ನೇ ಶೇ 10ರಿಂದ 15ರಷ್ಟು ಇಳಿಸಿಬಿಡುತ್ತದೆ. ಅಲ್ಲಿ ಅಷ್ಟು ರಕ್ತ ಸಾಕು. ಇಳಿದ ದಿನ ಸಾಲದು. ಎದ್ದು ನಿಂತರೆ ಇರುವ ರಕ್ತ ಕಾಲಿಗಿಳಿದು, ಮಿದುಳಿಗೆ ಸಾಲದೆ ತಲೆ ತಿರುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಇದನ್ನು ತಡೆಯಲು ಇಳಿಯುವ ಮುನ್ನ ಉಪ್ಪನ್ನು ನೀರಿನ ಜೊತೆ ಸೇವಿಸುತ್ತಾರೆ, ಕಾಲನ್ನೂ ಹೊಟ್ಟೆಯನ್ನೂ ಬಿಗಿಯಾಗಿ ಒತ್ತಿ ಹಿಡಿಯುವ ಉಡುಪು ತೊಡುತ್ತಾರೆ.

ಒಳಕಿವಿಯ ಕತೆ ಇನ್ನೊಂದು. ಅದರಲ್ಲಿ ಸುಣ್ಣದ ಸಣ್ಣ ಸಣ್ಣ ಹರಳುಗಳಿವೆ. ಅವು ಯಾವ ಕಡೆ ಒತ್ತುತ್ತವೋ ಅದೇ ಕೆಳಗಿನ ದಿಕ್ಕು ಎಂದು ಮಿದುಳು ತಿಳಿಯುತ್ತದೆ. ತೂಕವಿಲ್ಲದಾಗ ಅವು ಎತ್ತಲೂ ಒತ್ತುವುದಿಲ್ಲ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದಲು ಹೋದವರಿಗೆ ಆಗುವ ಸಂಕಟವೇ ಇದು. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮೊದಲ ಎರಡು ಮೂರು ದಿನ ವಾಕರಿಕೆ ಇರುತ್ತದೆ. 1961ರಲ್ಲೇ ಸೋವಿಯತ್ ಗಗನಯಾತ್ರಿ ಗೆರ್ಮನ್ ತಿತೊವ್ ಅವರಿಗೆ ಇದು ಆಗಿತ್ತು. ಆಮೇಲೆ ಮಿದುಳು ಕಿವಿಯ ಮಾತಿಗೆ ಬೆಲೆ ಕೊಡುವುದನ್ನು ನಿಲ್ಲಿಸಿ ಕಣ್ಣನ್ನೇ ನಂಬುತ್ತದೆ. ಮರಳಿದಾಗ ಈ ಪಾಠ ಉಲ್ಟಾ ಆಗಬೇಕು. 2025ರ ಜುಲೈನಲ್ಲಿ ಮರಳಿದ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಹಾಸಿಗೆಯ ಮೇಲೆ ಕೂತು, ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಗಾಳಿಯಲ್ಲಿ ಬಿಟ್ಟರಂತೆ. ಅದು ತೇಲುತ್ತದೆ ಎಂದುಕೊಂಡಿದ್ದರು, ಅದು ಬಿತ್ತು. ಕೈಯಲ್ಲಿ ಹಿಡಿದ ಮೊಬೈಲೇ ಭಾರವೆನಿಸಿತೆಂದೂ ಅವರು ಹೇಳಿದ್ದಾರೆ. ಅವರು ನಿಲ್ದಾಣದಲ್ಲಿದ್ದದ್ದೂ 18 ದಿನ.

ನಿಮ್ಮ ಎರಡನೇ ಪ್ರಶ್ನೆ ನನಗೆ ಬಹಳ ಹಿಡಿಸಿತು. ತೂಕವಿಲ್ಲದ ಕಡೆ ಡಂಬೆಲ್ ಎತ್ತುವುದು ಬಹುಮಟ್ಟಿಗೆ ವ್ಯರ್ಥವೇ. ಅದಕ್ಕೇ 2008ರಲ್ಲಿ ನಿಲ್ದಾಣಕ್ಕೆ ಹೋದ ವ್ಯಾಯಾಮ ಯಂತ್ರದಲ್ಲಿ ಕಬ್ಬಿಣದ ತಟ್ಟೆಗಳಿಲ್ಲ, ಗಾಳಿ ತೆಗೆದು ನಿರ್ವಾತ ಮಾಡಿದ ಎರಡು ಸಿಲಿಂಡರುಗಳಿವೆ. ಹಿಡಿಕೆಯನ್ನು ಎಳೆದರೆ ಒಳಗಿನ ಪಿಸ್ಟನ್ ಆ ನಿರ್ವಾತದ ವಿರುದ್ಧ ಸರಿಯಬೇಕು. ಸುಮಾರು 270 ಕಿಲೋವರೆಗಿನ ಭಾರಕ್ಕೆ ಸಮನಾದ ಎದುರೊತ್ತನ್ನು ಅದು ಕೊಡಬಲ್ಲದು. ಅಷ್ಟು ಯಾಕೆ ಬೇಕು ಎನಿಸಬಹುದು. ಇಲ್ಲಿ ಹೆಗಲ ಮೇಲೆ 50 ಕಿಲೋ ಹೊತ್ತು ಬಸ್ಕಿ ಹೊಡೆಯುವವರು ಎತ್ತುವುದು ಆ 50 ಕಿಲೋ ಮಾತ್ರವಲ್ಲ, ತಮ್ಮ ಮೈಯ ತೂಕವನ್ನೂ ಎತ್ತುತ್ತಾರೆ. ಅಲ್ಲಿ ಮೈಗೆ ತೂಕವಿಲ್ಲದ್ದರಿಂದ ಅದನ್ನೂ ಯಂತ್ರಕ್ಕೇ ಸೇರಿಸಬೇಕು. ಟ್ರೆಡ್‌ಮಿಲ್ ಮೇಲೆ ಓಡುವವರನ್ನು ಹೆಗಲಿಗೂ ಸೊಂಟಕ್ಕೂ ಪಟ್ಟಿ ಕಟ್ಟಿ, ರಬ್ಬರಿನ ಹಗ್ಗಗಳಿಂದ ಕೆಳಕ್ಕೆ ಎಳೆದು ಹಿಡಿದಿರುತ್ತಾರೆ. ಇಲ್ಲದಿದ್ದರೆ ಮೊದಲ ಹೆಜ್ಜೆಗೇ ತೇಲಿಹೋಗುತ್ತಾರೆ. ಆ ಪಟ್ಟಿಗಳು ಹೆಗಲು ನೋಯಿಸುತ್ತವೆ. ಹಾಗೆಯೇ ಕಟ್ಟಿಸಿಕೊಂಡು ಸುನೀತಾ ವಿಲಿಯಮ್ಸ್ 2007ರ ಏಪ್ರಿಲ್‌ನಲ್ಲಿ, ಕೆಳಗೆ ಬೋಸ್ಟನ್ ಮ್ಯಾರಥಾನ್ ನಡೆಯುತ್ತಿದ್ದ ಹೊತ್ತಿಗೇ, ಅದರ ಪೂರ್ಣ ದೂರವನ್ನು ನಾಲ್ಕು ಗಂಟೆ 24 ನಿಮಿಷದಲ್ಲಿ ಓಡಿ ಮುಗಿಸಿದರು. ಅಷ್ಟರಲ್ಲಿ ಅವರು ಭೂಮಿಯನ್ನು ಸುಮಾರು ಮೂರು ಸುತ್ತು ಹಾಕಿದ್ದರು.

ಇಷ್ಟೆಲ್ಲ ಪಾಡು ಮೂಳೆಗಾಗಿ ಮತ್ತು ಸ್ನಾಯುವಿಗಾಗಿ. ಮೂಳೆ ಜೀವಂತ ವಸ್ತು. ಅದರಲ್ಲಿ ಕೆಡವುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ಮೇಲೆ ಭಾರ ಬೀಳುತ್ತಿದ್ದರೆ ಕಟ್ಟುವವು ಸರಿಗಟ್ಟುತ್ತವೆ, ಭಾರ ತಪ್ಪಿದರೆ ಕೆಡವುವವು ಮುಂದಾಗುತ್ತವೆ. ಸೊಂಟದ ಕೀಲಿನ ಹತ್ತಿರ ತಿಂಗಳಿಗೆ ಶೇ 1ರಿಂದ 1.5ರಷ್ಟು ಮೂಳೆ ಕರಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚುಕಡಿಮೆ ಒಂದು ವರ್ಷಕ್ಕೆ ಆಗುವಷ್ಟು ಸವೆತ ಅದು. ಗಮನಿಸಿ, ಕೈಯ ಮೂಳೆ ಅಷ್ಟಾಗಿ ಸವೆಯುವುದಿಲ್ಲ. ಅಲ್ಲಿ ಎಲ್ಲವನ್ನೂ ಹಿಡಿದು ಎಳೆದು ಓಡಾಡುವುದು ಕೈಯಿಂದಲೇ, ಹಾಗಾಗಿ ಅದಕ್ಕೆ ಕೆಲಸವಿದೆ. ದೇಹ ಗೊತ್ತುಗುರಿಯಿಲ್ಲದೆ ಕೆಡುತ್ತಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕರಗಿದ ಸುಣ್ಣ ಮೂತ್ರದಲ್ಲಿ ಹೋಗುವುದರಿಂದ ಕಿಡ್ನಿಯಲ್ಲಿ ಕಲ್ಲಾಗುವ ಭಯವೂ ಇದೆ. ನೀರು ಚೆನ್ನಾಗಿ ಕುಡಿಯಿರಿ ಎಂದು ಅವರಿಗೆ ಮತ್ತೆ ಮತ್ತೆ ಹೇಳುವುದು ಅದಕ್ಕೆ.

ಹೊಸ ಯಂತ್ರ ಬರುವ ಮುಂಚೆ ಇದ್ದದ್ದರಲ್ಲಿ ಇದರ ಅರ್ಧದಷ್ಟು ಮಾತ್ರ ಭಾರ ಹಾಕಬಹುದಿತ್ತು, ಮೂಳೆ ಸವೆತ ನಿಲ್ಲಲಿಲ್ಲ. ಹೊಸದು ಬಂದ ಮೇಲೆ, ಹೊಟ್ಟೆ ತುಂಬ ಊಟ ಮಾಡಿ, ವಿಟಮಿನ್ ಡಿ ತೆಗೆದುಕೊಂಡು, ಭಾರ ಹಾಕಿ ವ್ಯಾಯಾಮ ಮಾಡಿದವರ ಮೂಳೆಯ ಸಾಂದ್ರತೆ ಬಹುಪಾಲು ಉಳಿದಿದೆ ಎಂದು 2012ರಲ್ಲಿ ವರದಿಯಾಯಿತು. ಆದರೆ 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 17 ಗಗನಯಾತ್ರಿಗಳ ಮೊಣಕಾಲ ಕೆಳಗಿನ ಮೂಳೆಯ ಒಳರಚನೆಯನ್ನೇ ನೋಡಿತು. ಮರಳಿ ಒಂದು ವರ್ಷವಾದರೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮೂಳೆ ಪೂರ್ತಿ ಮೊದಲಿನಂತೆ ಆಗಿರಲಿಲ್ಲ. ಮೂಳೆ ಸವೆತಕ್ಕೆ ಕೊಡುವ ಮಾತ್ರೆಯನ್ನು ವ್ಯಾಯಾಮದ ಜೊತೆ ಕೊಟ್ಟೂ ನೋಡಿದ್ದಾರೆ. ಇದನ್ನೆಲ್ಲ ಪರೀಕ್ಷಿಸಲು ಪ್ರತಿ ಸಲವೂ ಬಾಹ್ಯಾಕಾಶಕ್ಕೆ ಹೋಗಬೇಕಿಲ್ಲ. ಜರ್ಮನಿಯ ಕಲೋನ್‌ನಲ್ಲಿ ಆರೋಗ್ಯವಂತ ಸ್ವಯಂಸೇವಕರನ್ನು ತಲೆ ಆರು ಡಿಗ್ರಿ ತಗ್ಗಿದ ಮಂಚದಲ್ಲಿ 60 ದಿನ ಮಲಗಿಸುತ್ತಾರೆ. ಊಟ, ಸ್ನಾನ ಎಲ್ಲವೂ ಮಲಗಿಯೇ. ಅವರಲ್ಲೂ ಇದೇ ಬಗೆಯ ಬದಲಾವಣೆಗಳು ಕಾಣಿಸುತ್ತವೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ನಮ್ಮ ಮನೆಯ ಹಿರಿಯರ ಕಾಲು ಸೋಲುವುದಕ್ಕೂ ಇದಕ್ಕೂ ಕಾರಣ ಒಂದೇ. ಈ ಸಂಶೋಧನೆ ಅವರಿಗೂ ಸಲ್ಲಬೇಕಾದದ್ದು ಎಂದು ನಾನು ಬಲವಾಗಿ ನಂಬುತ್ತೇನೆ.

ಎಷ್ಟು ಬಸ್ಕಿ ಹೊಡೆದರೂ ಸರಿಹೋಗದ ಸಂಗತಿಗಳೂ ಇವೆ, ನನಗೆ ಹೆಚ್ಚು ಕಳವಳ ಅವುಗಳದೇ. ಇಲ್ಲಿ ನಾವು ರಾತ್ರಿ ಮಲಗಿದಾಗ ತಲೆಗೆ ಏರುವ ದ್ರವ ಬೆಳಿಗ್ಗೆ ಎದ್ದಾಗ ಇಳಿಯುತ್ತದೆ. ಅಲ್ಲಿ ಆ ಇಳಿತವೇ ಇಲ್ಲ. ಸುಮಾರು ಆರು ತಿಂಗಳು ಇದ್ದು ಬಂದ ಏಳು ಜನರ ಕಣ್ಣುಗಳನ್ನು ಪರೀಕ್ಷಿಸಿದ ವೈದ್ಯರು 2011ರಲ್ಲಿ ಬರೆದದ್ದು ಗಾಬರಿ ಹುಟ್ಟಿಸುವಂತಿತ್ತು: ಹಲವರ ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿತ್ತು, ಕಣ್ಣಿನ ನರದ ಬುಡ ಊದಿತ್ತು, ಹತ್ತಿರದ ಅಕ್ಷರ ಮಸುಕಾಗುತ್ತಿತ್ತು. ಈಗ ಬೇರೆ ನಂಬರಿನ ಕನ್ನಡಕವನ್ನು ಮೊದಲೇ ಕಟ್ಟಿಕೊಟ್ಟು ಕಳಿಸುತ್ತಾರೆ. ಸೊಂಟದಿಂದ ಕೆಳಗೆ ಗಾಳಿಯನ್ನು ಹೀರಿ ರಕ್ತವನ್ನು ಕಾಲಿಗೆಳೆಯುವ ರಷ್ಯಾದ ‘ಚಿಬಿಸ್’ ಎಂಬ ಷರಾಯಿಯನ್ನು ಇದಕ್ಕೂ ಬಳಸಿ ನೋಡುತ್ತಿದ್ದಾರೆ. ಪೂರ್ತಿ ಪರಿಹಾರ ಸಿಕ್ಕಿಲ್ಲ.

ಹಾಗೆಯೇ ಒಬ್ಬ ಗಗನಯಾತ್ರಿಯ ಕತ್ತಿನ ರಕ್ತನಾಳದಲ್ಲಿ, ಹೋಗಿ ಎರಡು ತಿಂಗಳಾದಾಗ, ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಬೇರೊಂದು ಅಧ್ಯಯನಕ್ಕೆಂದು ಅಲ್ಟ್ರಾಸೌಂಡ್ ಮಾಡುವಾಗ ಸಿಕ್ಕಿದ್ದು ಅದು, ರೋಗಿಗೆ ಯಾವ ತೊಂದರೆಯೂ ಅನ್ನಿಸಿರಲಿಲ್ಲ. ನಿಲ್ದಾಣದಲ್ಲಿ ರಕ್ತ ತೆಳುಮಾಡುವ ಚುಚ್ಚುಮದ್ದು ಸ್ವಲ್ಪವೇ ಇತ್ತು. ಸರಕು ನೌಕೆಯಲ್ಲಿ ಮಾತ್ರೆ ಬಂದು ಸೇರುವವರೆಗೆ ಅದನ್ನೇ ಲೆಕ್ಕ ಹಾಕಿ ಕೊಟ್ಟು ನಿಭಾಯಿಸಿದರು. ಭೂಮಿಯಿಂದ ವೈದ್ಯರು ಹೇಳುತ್ತಿದ್ದಂತೆ ಗಗನಯಾತ್ರಿಯೇ ತನ್ನ ಕತ್ತಿನ ಸ್ಕ್ಯಾನ್ ಮಾಡಿಕೊಂಡದ್ದಾಯಿತು. 400 ಕಿಲೋಮೀಟರ್ ಮೇಲಾದ್ದರಿಂದ ಮಾತ್ರೆ ತಲುಪಿತು. ಮಂಗಳದ ಹಾದಿಯಲ್ಲಿ ಸರಕು ನೌಕೆ ಬರುವುದಿಲ್ಲ.

ಆ ಹಾದಿಯಲ್ಲಿ ವಿಕಿರಣದ ಕಾಟವೂ ಇದೆ. ಬಾಹ್ಯಾಕಾಶ ನಿಲ್ದಾಣಕ್ಕೆ ಭೂಮಿಯ ಕಾಂತಕ್ಷೇತ್ರದ ರಕ್ಷಣೆಯಾದರೂ ಇದೆ. ಮಂಗಳಕ್ಕೆ ಹೋಗುತ್ತಾ ಕ್ಯೂರಿಯಾಸಿಟಿ ನೌಕೆ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ ವಿಕಿರಣ ಅಳೆಯಿತು, ಅಂದರೆ ನೆಲದ ಮೇಲೆ ನಮಗೆ ಹಲವು ತಿಂಗಳಲ್ಲಿ ನಿಸರ್ಗದಿಂದ ತಗಲುವಷ್ಟು ಒಂದೇ ದಿನದಲ್ಲಿ. ದಪ್ಪ ಲೋಹದ ಗೋಡೆಗಿಂತ ನೀರು, ಪಾಲಿಥೀನ್‌ನಂಥ ಹೈಡ್ರೋಜನ್ ಹೆಚ್ಚಿರುವ ವಸ್ತುಗಳು ಒಳ್ಳೆಯ ತಡೆ. ಆದರೂ ನಕ್ಷತ್ರಲೋಕದಿಂದ ಬರುವ ಅತಿ ವೇಗದ ಕಣಗಳನ್ನು ಪೂರ್ತಿ ತಡೆಯುವ ಗೋಡೆ ಇನ್ನೂ ಯಾರ ಕೈಯಲ್ಲೂ ಇಲ್ಲ. ನೌಕೆಯನ್ನೇ ತಿರುಗಿಸಿ ತೂಕ ಹುಟ್ಟಿಸುವ ಯೋಚನೆ ಹಳೆಯದು. ಅದು ಕೈಗೂಡಿದರೆ ಮೂಳೆ, ರಕ್ತ, ಕಣ್ಣು ಮೂರಕ್ಕೂ ಒಂದೇ ಮದ್ದಾದೀತು, ವಿಕಿರಣಕ್ಕಲ್ಲ.

ನಮ್ಮ ಗಗನಯಾನದಲ್ಲಿ ಹೋಗುವವರಿಗೆ ಇದೆಲ್ಲ ಆಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯೋಜನೆಯಂತೆ ಅದು ಮೂರು ದಿನದ ಯಾನ. ಅಷ್ಟರಲ್ಲಿ ಮೂಳೆ ಸವೆಯುವ ಮಾತಿಲ್ಲ, ಅವರು ಎದುರಿಸಬೇಕಾದದ್ದು ವಾಕರಿಕೆ ಮತ್ತು ದ್ರವದ ಏರಿಕೆ. ಆಯ್ಕೆಯ ಕಠಿಣ ಪರೀಕ್ಷೆಗಳನ್ನು ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆ ನಡೆಸಿತು. ಮುಂದಿನದಕ್ಕೂ ತಯಾರಿ ಶುರುವಾಗಿದೆ. ಶುಕ್ಲಾ ಜೊತೆ ಹೋದ ಪ್ರಯೋಗಗಳಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು ಸ್ನಾಯು ಮತ್ತೆ ಬೆಳೆಯುವುದರ ಕುರಿತಾದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಕಳಿಸಿದ್ದು ಹೆಸರುಕಾಳು ಮತ್ತು ಮೆಂತ್ಯ, ಅಲ್ಲಿ ಮೊಳಕೆ ಹೇಗೆ ಬರುತ್ತದೆ ಎಂದು ನೋಡಲು. 2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಕಟ್ಟುವ ಗುರಿ ಇಸ್ರೋಗೆ ಇದೆ. ಅದರಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಬೇಕಾಗುವ ವ್ಯಾಯಾಮ ಯಂತ್ರವನ್ನು ಯಾರಾದರೂ ಇಲ್ಲಿಯೇ ರೂಪಿಸಬೇಕು. ತೂಕವಿಲ್ಲದ ಕಡೆ ತೂಕ ಎತ್ತುವುದು ಹೇಗೆ ಎಂದು ಕೇಳಿದ ನೀವು ಎಂಜಿನಿಯರಿಂಗ್ ಓದುವ ಯೋಚನೆಯಲ್ಲಿದ್ದರೆ, ಅದು ನಿಮ್ಮ ಕಾಲದ ಕೆಲಸ.