ಇಂದಿನ ಧಮ್ಮ ಚಿಂತನೆ: ಎಣಿಸುವ ಕಣ್ಣು, ಕಾಯುವ ಕರುಣೆ

ಅಮೆರಿಕ ಮತ್ತು ಕೆನಡಾ ದೇಶಗಳ ನಡುವೆ ಒಂಟಾರಿಯೋ ಎಂಬ ದೊಡ್ಡ ಸರೋವರವಿದೆ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ವಸಂತ. ಚಳಿಗಾಲವನ್ನು ದಕ್ಷಿಣದಲ್ಲಿ ಕಳೆದ ಗಿಡುಗ, ಹದ್ದು, ಚಾಣಗಳು ಮರಿ ಮಾಡಲು ಉತ್ತರಕ್ಕೆ ಹೊರಡುವ ಕಾಲ ಅದು. ಗಿಡುಗ, ಹದ್ದುಗಳು ದೂರದ ಪ್ರಯಾಣದಲ್ಲಿ ಆದಷ್ಟು ರೆಕ್ಕೆ ಬಡಿಯುವುದಿಲ್ಲ. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಸುತ್ತುತ್ತಾ ಮೇಲೇರಿ, ಅಲ್ಲಿಂದ ಮುಂದಕ್ಕೆ ತೇಲುತ್ತವೆ. ತಣ್ಣನೆಯ ನೀರಿನ ಮೇಲೆ ಅಂಥ ಗಾಳಿ ಏಳುವುದಿಲ್ಲ. ಆದ್ದರಿಂದ ಸರೋವರ ಎದುರಾದಾಗ ಅದನ್ನು ದಾಟದೆ, ದಕ್ಷಿಣ ದಡವನ್ನೇ ಹಿಡಿದು ಪೂರ್ವಕ್ಕೆ ಹೋಗುತ್ತವೆ. ಆ ದಡದ ಬ್ರಾಡಕ್ ಬೇ, ಡರ್ಬಿ ಹಿಲ್ ಎಂಬ ಜಾಗಗಳಲ್ಲಿ ಪ್ರತಿ ವಸಂತದಲ್ಲೂ ಸ್ವಯಂಸೇವಕರು ದುರ್ಬೀನು ಹಿಡಿದು ನಿಂತು ಈ ಹಕ್ಕಿಗಳನ್ನು ಎಣಿಸುತ್ತಾರೆ.

ಈ ಕೆಲಸದ ಶಿಸ್ತನ್ನು ನಾವು ಗಮನಿಸಬೇಕು.

*ಒಂದು:* ನೂರಾರು ಹಕ್ಕಿಗಳು ಬಿಸಿಗಾಳಿಯಲ್ಲಿ ಒಟ್ಟಿಗೆ ಸುತ್ತುವಾಗ ಅವರು ಎಣಿಸಲು ಅವಸರಪಡುವುದಿಲ್ಲ. ಆಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹಕ್ಕಿಗಳು ಮೇಲೇರಿ ಒಂದರ ಹಿಂದೊಂದು ಸಾಲಾಗಿ ಹೊರಟಾಗ ಎಣಿಸುತ್ತಾರೆ.

*ಎರಡು:* ಪ್ರತಿ ಗಂಟೆಯ ಲೆಕ್ಕವನ್ನೂ ಬರೆಯುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸಿತು, ಮೋಡ ಎಷ್ಟಿತ್ತು ಎಂಬುದನ್ನೂ ಬರೆಯುತ್ತಾರೆ. ಒಂದೂ ಹಕ್ಕಿ ಬಾರದ ಗಂಟೆಯಲ್ಲಿ ಸೊನ್ನೆ ಬರೆಯುತ್ತಾರೆ.

*ಮೂರು:* ಹಕ್ಕಿ ಕಂಡಿತು, ಆದರೆ ಯಾವುದೆಂದು ತಿಳಿಯಲಿಲ್ಲ ಎಂದಾದರೆ ಊಹಿಸಿ ಹೆಸರು ಹಾಕುವುದಿಲ್ಲ. ‘ಗುರುತಿಸಲಾಗಲಿಲ್ಲ’ ಎಂದು ಬರೆಯಲು ಅವರ ಪಟ್ಟಿಯಲ್ಲೇ ಜಾಗವಿದೆ.

ಕಂಡದ್ದನ್ನು ಕಂಡಷ್ಟೇ ಹೇಳುವುದು, ತಿಳಿಯದ್ದನ್ನು ತಿಳಿಯದು ಎನ್ನುವುದು ನಮ್ಮ ನಾಲ್ಕನೆಯ ಶೀಲವೇ ಅಲ್ಲವೇ? ಸುಳ್ಳಾಡದಿರುವುದು ಬಾಯಿಗೆ ಮಾತ್ರ ಸಂಬಂಧಿಸಿದ್ದಲ್ಲ, ಕಣ್ಣಿಗೂ ಲೆಕ್ಕಕ್ಕೂ ಸಂಬಂಧಿಸಿದ್ದು.

‘ಹಕ್ಕಿ ಎಣಿಸಿದರೆ ಯಾರಿಗೇನು ಲಾಭ?’ ಎಂದು ಕೆಲವರು ಕೇಳಬಹುದು. ಇತಿಹಾಸ ಉತ್ತರ ಕೊಡುತ್ತದೆ.

ಆ ಸರೋವರದ ದಕ್ಷಿಣಕ್ಕಿರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಬೆಟ್ಟವಿದೆ. ಶರತ್ಕಾಲದಲ್ಲಿ ಇಂಥ ಹಕ್ಕಿಗಳು ದಕ್ಷಿಣಕ್ಕೆ ಮರಳುವ ದಾರಿ ಅದು. ನೂರು ವರ್ಷದ ಹಿಂದೆ ಜನ ಅಲ್ಲಿ ಬಂದೂಕು ಹಿಡಿದು ಕೂತು ಅವುಗಳನ್ನು ಮೋಜಿಗಾಗಿ ಉರುಳಿಸುತ್ತಿದ್ದರು. ಗಿಡುಗವೆಂದರೆ ಕೋಳಿಕಳ್ಳ, ಕೊಲ್ಲಬೇಕಾದ ಹಕ್ಕಿ ಎಂಬ ಹಣೆಪಟ್ಟಿ ಹುಟ್ಟಿನಿಂದಲೇ ಅಂಟಿತ್ತು. ಹಾಡುವ ಹಕ್ಕಿಗಳಿಗೆ ಮರುಗುತ್ತಿದ್ದ ಎಷ್ಟೋ ಜನ ಗಿಡುಗಕ್ಕೆ ಮರುಗಲಿಲ್ಲ. ಹುಟ್ಟಿನಿಂದ ಅಂಟಿಸುವ ಹಣೆಪಟ್ಟಿ ಎಂಥದು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ರೋಸಲಿ ಎಡ್ಜ್ ಎಂಬ ಮಹಿಳೆ ಇದನ್ನು ಒಪ್ಪಲಿಲ್ಲ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ್ದವರು ಅವರು. 1934ರಲ್ಲಿ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಬೇಟೆ ನಿಲ್ಲಿಸಿದರು. ಕಾವಲಿಗೆ ಬಂದ ಮಾರಿಸ್ ಬ್ರೌನ್ ಬೇಟೆಗಾರರನ್ನು ತಡೆದದ್ದಷ್ಟೇ ಅಲ್ಲ, ಹಾದುಹೋಗುವ ಹಕ್ಕಿಗಳನ್ನು ಎಣಿಸಿ ಬರೆದಿಡತೊಡಗಿದರು. ಆ ಜಾಗವೇ ಇಂದಿನ ಹಾಕ್ ಮೌಂಟನ್.

ಬಾಲ್ಡ್ ಈಗಲ್ ಎಂಬ ಹದ್ದಿಗೆ ವಯಸ್ಸಿಗೆ ಬಂದ ಮೇಲೆ ತಲೆ ಬೆಳ್ಳಗಾಗುತ್ತದೆ. ಎಳೆಯ ಹಕ್ಕಿಯ ಮೈಯೆಲ್ಲ ಕಪ್ಪುಗಂದು. ಆದ್ದರಿಂದ ಎಳೆಯವು ಎಷ್ಟು, ಬೆಳೆದವು ಎಷ್ಟು ಎಂದು ಬೇರೆ ಬೇರೆ ಎಣಿಸಬಹುದು. 1935ರಿಂದ 1939ರವರೆಗೆ ಅಲ್ಲಿ ಕಂಡ ಈ ಹದ್ದುಗಳಲ್ಲಿ 100ಕ್ಕೆ 40 ಎಳೆಯವು. 1955ರಿಂದ 1959ರ ನಡುವೆ 100ಕ್ಕೆ 20 ಮಾತ್ರ. 1957ರಲ್ಲಂತೂ 32 ಬೆಳೆದ ಹದ್ದುಗಳಿಗೆ ಒಂದೇ ಒಂದು ಎಳೆಯ ಹದ್ದು.

ಯೋಚಿಸಿ ನೋಡಿ. ಆಕಾಶದಲ್ಲಿ ಹದ್ದುಗಳು ಇನ್ನೂ ಹಾರುತ್ತಲೇ ಇದ್ದವು. ಸುಮ್ಮನೆ ತಲೆ ಎತ್ತಿ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಂಡಿರಬೇಕು. ಮರಿಗಳು ಬದುಕಿ ಬರುತ್ತಿಲ್ಲ ಎಂಬ ಸಂಕಟವನ್ನು ಹೇಳಿದ್ದು ಆ ಲೆಕ್ಕದ ಪುಸ್ತಕ. 1962ರಲ್ಲಿ ರೇಚಲ್ ಕಾರ್ಸನ್ ‘ಸೈಲೆಂಟ್ ಸ್ಪ್ರಿಂಗ್’ ಎಂಬ ತಮ್ಮ ಪುಸ್ತಕದಲ್ಲಿ ಈ ಅಂಕಿಗಳನ್ನು ಡಿಡಿಟಿಯಂಥ ಕೀಟನಾಶಕಗಳ ವಿರುದ್ಧ ಸಾಕ್ಷಿಯಾಗಿ ಮುಂದಿಟ್ಟರು. ಡಿಡಿಟಿ ನೀರಿನಿಂದ ಮೀನಿಗೆ, ಮೀನಿನಿಂದ ಹದ್ದಿಗೆ ಸೇರಿ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತಿತ್ತು. ಕಾವು ಕೊಡುವಾಗಲೇ ಮೊಟ್ಟೆ ಒಡೆಯುತ್ತಿತ್ತು. 1972ರಲ್ಲಿ ಅಮೆರಿಕ ಡಿಡಿಟಿ ಬಳಕೆಯನ್ನು ನಿಷೇಧಿಸಿತು. ಹದ್ದುಗಳು ಚೇತರಿಸಿಕೊಂಡವು. 2007ರಲ್ಲಿ ಬಾಲ್ಡ್ ಈಗಲ್ ಹೆಸರನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆಯಲಾಯಿತು.

ಬಂಧುಗಳೇ, ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪ್ರಜ್ಞೆ ಮತ್ತು ಕರುಣೆಯನ್ನು ಧಮ್ಮದ ಎರಡು ಆಧಾರಗಳೆಂದು ಜೊತೆಯಾಗಿ ಇಟ್ಟಿದ್ದಾರೆ. ಏಕೆ ಜೊತೆಯಾಗಿ ಎಂಬುದಕ್ಕೆ ಈ ಬೆಟ್ಟ ಒಳ್ಳೆಯ ಪಾಠ. ಬಂದೂಕು ನಿಲ್ಲಿಸಲು ಕರುಣೆ ಸಾಕಾಯಿತು. ಆದರೆ ಕಣ್ಣಿಗೆ ಕಾಣದ ವಿಷವನ್ನು ಕಂಡುಹಿಡಿಯಲು ಕರುಣೆ ಮಾತ್ರ ಸಾಲಲಿಲ್ಲ. ವರ್ಷಗಟ್ಟಲೆ ತಾಳ್ಮೆಯಿಂದ, ಉತ್ಪ್ರೇಕ್ಷೆಯಿಲ್ಲದೆ ನೋಡಿ ಬರೆದಿಟ್ಟ ತಿಳಿವು ಬೇಕಾಯಿತು. ದುಃಖವಿದೆ, ದುಃಖಕ್ಕೆ ಕಾರಣವಿದೆ, ಕಾರಣ ಅಳಿದರೆ ದುಃಖ ಅಳಿಯುತ್ತದೆ ಎಂದು ಭಗವಾನರು ತೋರಿಸಿದ ದಾರಿಯೂ ಇದೇ. ಕಾರಣ ತಿಳಿಯದೆ ಮರುಗುವವರು ಅತ್ತು ಸುಮ್ಮನಾಗುತ್ತಾರೆ.

ಇನ್ನೊಂದು ಮಾತು. 1935ರಲ್ಲಿ ಎಣಿಸುವಾಗ ಆ ಲೆಕ್ಕ ಮುಂದೆ ವಿಷಕ್ಕೆ ಸಾಕ್ಷಿಯಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಡಿಡಿಟಿ ಆಗಿನ್ನೂ ಬಳಕೆಗೇ ಬಂದಿರಲಿಲ್ಲ. ಫಲ ಏನೆಂದು ತಿಳಿಯದೆಯೂ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದರಿಂದಲೇ ಅದು ಮುಂದೆ ಜೀವ ಉಳಿಸಲು ನೆರವಾಯಿತು. ನಮ್ಮ ವಿಹಾರದ ಹಾಜರಿ ಪುಸ್ತಕ, ಕೇರಿಯಲ್ಲಿ ಶಾಲೆ ಬಿಟ್ಟ ಮಕ್ಕಳ ಪಟ್ಟಿ, ನೀರು ಬಾರದ ದಿನಗಳ ಲೆಕ್ಕ ಇವೂ ಅಂಥ ಕೆಲಸಗಳೇ.

*ಇಂದಿನ ಅಭ್ಯಾಸ:* ನಿಮ್ಮ ಸುತ್ತಲಿನ ಒಂದು ವಿಷಯವನ್ನು ಆರಿಸಿಕೊಳ್ಳಿ. ಒಂದು ವಾರ ದಿನವೂ ಅದನ್ನು ಗಮನಿಸಿ, ಕಂಡಷ್ಟನ್ನೇ ಬರೆಯಿರಿ. ಏನೂ ಕಾಣದ ದಿನ ಸೊನ್ನೆ ಬರೆಯಿರಿ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಬರೆಯಿರಿ. ವಾರದ ಕೊನೆಗೆ ಮನೆಯವರೊಂದಿಗೆ ಕೂತು ಓದಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ.

ನಮೋ ಬುದ್ಧಾಯ. ಜೈ ಭೀಮ್.