ವಾಹನದೊಳಗೆ ಉಳಿಯುವ ಆಹಾರದ ವಾಸನೆ: ನಿವಾರಣೆಯ ಕ್ರಮ ಹಾಗೂ ಲೆಕ್ಕಪತ್ರದ ವಿಚಾರಗಳು

ನಮ್ಮ ಸದಸ್ಯರಲ್ಲಿ ಬಹುಪಾಲು ಸಣ್ಣ ವರ್ತಕರು ಹಾಗೂ ಉದ್ದಿಮೆದಾರರು ಒಂದೇ ವಾಹನವನ್ನು ಹಲವು ಕೆಲಸಗಳಿಗೆ ಬಳಸುತ್ತಾರೆ. ಬೆಳಿಗ್ಗೆ ಹಾಲು, ಮೊಸರು ಅಥವಾ ಉಪ್ಪಿನಕಾಯಿಯ ಡಬ್ಬಗಳನ್ನು ಸಾಗಿಸಿದ ಕಾರು ಮಧ್ಯಾಹ್ನ ಚಹಾಪುಡಿಯ ಮಾದರಿಗಳನ್ನು ಹೊತ್ತು ಗಿರಾಕಿಯ ಅಂಗಡಿಗೆ ಹೋಗುತ್ತದೆ. ಒಣ ಮೀನು ತಂದ ವ್ಯಾನಿನಲ್ಲಿ ಮರುದಿನ ಹಿಟ್ಟಿನ ಮೂಟೆಗಳು ಇರುತ್ತವೆ. ಇಂತಹ ವಾಹನದಲ್ಲಿ ವಾಸನೆಯೊಂದು ನೆಲೆ ನಿಂತರೆ ಅದನ್ನು ಕೇವಲ ಮೂಗಿಗೆ ಆಗುವ ಕಿರಿಕಿರಿ ಎಂದು ಕಡೆಗಣಿಸುವಂತಿಲ್ಲ. ಚಹಾ, ಕಾಫಿಪುಡಿ, ಹಿಟ್ಟು, ಬೆಣ್ಣೆ, ಬಿಸ್ಕತ್ತು ಮೊದಲಾದ ಸರಕುಗಳು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತವೆ. ಗಿರಾಕಿ ಸರಕನ್ನು ಹಿಂದಿರುಗಿಸಿದರೆ ಅದರ ಬೆಲೆಯ ಜೊತೆಗೆ ತೆರಿಗೆಯ ಜಮೆಯನ್ನೂ ಕಳೆದುಕೊಳ್ಳುವ ಸಂದರ್ಭ ಬರಬಹುದು. ಆದುದರಿಂದ ವಾಸನೆಯ ಕಾರಣ, ಅದನ್ನು ನಿವಾರಿಸುವ ಕ್ರಮ ಹಾಗೂ ಲೆಕ್ಕಪತ್ರದ ವಿಚಾರಗಳನ್ನು ಈ ಲೇಖನದಲ್ಲಿ ಒಟ್ಟಾಗಿ ವಿವರಿಸಲಾಗಿದೆ.

1. ವಾಸನೆ ಏಕೆ ಉಳಿಯುತ್ತದೆ?

ಆಹಾರ ಪದಾರ್ಥದಿಂದ ಹೊರಬರುವ, ಸುಲಭವಾಗಿ ಆವಿಯಾಗುವ ರಾಸಾಯನಿಕ ಕಣಗಳೇ ವಾಸನೆಗೆ ಮೂಲ. ವಾಹನದ ಸೀಟಿನ ಫೋಮ್, ಬಟ್ಟೆಯ ಹೊದಿಕೆ, ನೆಲಹಾಸು ಹಾಗೂ ಛಾವಣಿಯ ಒಳಪದರಗಳು ಈ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಿಸಿಲಿನಲ್ಲಿ ವಾಹನ ಕಾದಾಗ ಅವು ಮತ್ತೆ ಹೊರಬರುತ್ತವೆ. ಬೆಳಿಗ್ಗೆ ಇಲ್ಲದ ವಾಸನೆ ಮಧ್ಯಾಹ್ನ ಕಾಣಿಸಿಕೊಳ್ಳಲು ಇದೇ ಕಾರಣ. ಚೆಲ್ಲಿದ ಪದಾರ್ಥದ ಶೇಷವು ತೇವದೊಡನೆ ಒಳಗೆ ಉಳಿದಿದ್ದರೆ ಸೂಕ್ಷ್ಮಜೀವಿಗಳು ಬೆಳೆದು ಹೊಸ ವಾಸನೆಯನ್ನೂ ಉಂಟುಮಾಡುತ್ತವೆ.

ಸುಗಂಧದ ಸಿಂಪಡಣೆ ಹಾಗೂ ತೂಗುಹಾಕುವ ಸುವಾಸನೆಯ ಡಬ್ಬಗಳು ಮೂಲವನ್ನು ತೆಗೆಯುವುದಿಲ್ಲ. ಒಂದು ವಾಸನೆಯ ಮೇಲೆ ಮತ್ತೊಂದನ್ನು ಹೇರುತ್ತವೆ, ಅಷ್ಟೇ. ಸರಕು ಸಾಗಿಸುವವರಿಗೆ ಇದರಿಂದ ಹಾನಿಯೇ ಹೆಚ್ಚು. ಏಕೆಂದರೆ ಚಹಾಪುಡಿಯು ಮೀನಿನ ವಾಸನೆಯನ್ನು ಹೀರುವಂತೆ ಮಲ್ಲಿಗೆಯ ಕೃತಕ ಪರಿಮಳವನ್ನೂ ಹೀರುತ್ತದೆ.

2. ವಾಸನೆಯ ಬಗೆಗೆ ತಕ್ಕ ಉಪಾಯ

ಎಲ್ಲ ವಾಸನೆಗಳಿಗೂ ಒಂದೇ ಮದ್ದು ಇಲ್ಲ. ಚೆಲ್ಲಿದ ಪದಾರ್ಥ ಯಾವುದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳತಕ್ಕದ್ದು.

(ಅ) ಹಾಲು, ಮೊಸರು, ಮಜ್ಜಿಗೆ: ಇವುಗಳಲ್ಲಿ ಪ್ರೋಟೀನು, ಕೊಬ್ಬು ಹಾಗೂ ಸಕ್ಕರೆಯ ಅಂಶಗಳು ಕೂಡಿರುತ್ತವೆ. ಹುಳಿ ವಾಸನೆಯು ಆಮ್ಲಗಳಿಂದ ಬರುತ್ತದೆ. ಬಿಸಿನೀರು ಅಥವಾ ಹಬೆಯನ್ನು ಮೊದಲಿಗೇ ಬಳಸಿದರೆ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಆದುದರಿಂದ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆಯಬೇಕು, ಉಜ್ಜಬಾರದು. ಬಳಿಕ ಕಿಣ್ವಗಳುಳ್ಳ ಶುದ್ಧಿಕಾರಕವನ್ನು ಹಚ್ಚಿ, ತಯಾರಕರು ಸೂಚಿಸಿದಷ್ಟು ಹೊತ್ತು ತೇವವಾಗಿಯೇ ಬಿಡಬೇಕು. ಕಿಣ್ವವು ಕೆಲಸ ಮಾಡಲು ಸಮಯ ಬೇಕು. ಕೂಡಲೇ ಒರೆಸಿದರೆ ಹಚ್ಚಿದ್ದು ವ್ಯರ್ಥ. ಒಣಗಿದ ನಂತರ ಅಡಿಗೆ ಸೋಡಾ ಉದುರಿಸಿ, ಒಂದು ರಾತ್ರಿ ಬಿಟ್ಟು, ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಬಹುದು. ಸೋಡಾ ಕ್ಷಾರೀಯವಾದುದರಿಂದ ಆಮ್ಲದ ವಾಸನೆಯನ್ನು ತಗ್ಗಿಸುತ್ತದೆ.

(ಆ) ಮೀನು ಮತ್ತು ಒಣ ಮೀನು: ಇದರ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೈನ್ ಎಂಬ ಕ್ಷಾರೀಯ ವಸ್ತು. ಇದಕ್ಕೆ ಆಮ್ಲವೇ ಪರಿಹಾರ. ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಒರೆಸಿ, ನಂತರ ಬರಿಯ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ಮೊದಲು ಬಟ್ಟೆಯ ಮರೆಯಾದ ಮೂಲೆಯಲ್ಲಿ ಪರೀಕ್ಷಿಸಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

(ಇ) ಎಣ್ಣೆ, ಉಪ್ಪಿನಕಾಯಿ, ಸಾಂಬಾರು, ಕರಿದ ತಿಂಡಿ: ಎಣ್ಣೆಯು ಗಾಳಿಯೊಡನೆ ಸೇರಿ ಕಮಟು ವಾಸನೆ ಬರುತ್ತದೆ. ನೀರೊಂದರಿಂದ ಇದು ಹೋಗದು. ಪಾತ್ರೆ ತೊಳೆಯುವ ದ್ರವದ ಕೆಲವು ಹನಿಗಳನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ನೊರೆಯಿಂದ ಮಾತ್ರ ಒರೆಸಿ, ಸೋಪಿನ ಅಂಶ ಉಳಿಯದಂತೆ ತೆಗೆಯಬೇಕು.

(ಈ) ಇಂಗು, ಈರುಳ್ಳಿ, ಬೆಳ್ಳುಳ್ಳಿ: ಇವುಗಳ ವಾಸನೆಯು ಗಂಧಕಯುಕ್ತ ವಸ್ತುಗಳಿಂದ ಬರುತ್ತದೆ. ಸೋಡಾ ಆಗಲಿ ವಿನೆಗರ್ ಆಗಲಿ ಇವುಗಳ ಮೇಲೆ ಹೆಚ್ಚಿನ ಪರಿಣಾಮ ಬೀರುವುದಿಲ್ಲ. ಧೂಳನ್ನು ಸಂಪೂರ್ಣ ತೆಗೆಯುವುದು, ಧಾರಾಳ ಗಾಳಿಯಾಡಿಸುವುದು ಹಾಗೂ ಸಕ್ರಿಯ ಇದ್ದಿಲಿನ ಚೀಲಗಳನ್ನು ಇಡುವುದು ಇಲ್ಲಿ ಸರಿಯಾದ ಮಾರ್ಗ. ಸಕ್ರಿಯ ಇದ್ದಿಲಿನ ಒಂದು ಗ್ರಾಮಿನೊಳಗಿನ ಸೂಕ್ಷ್ಮ ರಂಧ್ರಗಳ ಮೇಲ್ಮೈ ನೂರಾರು ಚದರ ಮೀಟರ್ ಇರುವುದರಿಂದ ಅದು ವಾಸನೆಯ ಕಣಗಳನ್ನು ಹಿಡಿದುಕೊಳ್ಳುತ್ತದೆ. ಒಲೆಯ ಸಾಮಾನ್ಯ ಇದ್ದಿಲು ಇದಕ್ಕೆ ಸಮನಲ್ಲ.

ಸೋಡಾ ಹಾಗೂ ವಿನೆಗರನ್ನು ಒಟ್ಟಿಗೆ ಬೆರೆಸುವ ರೂಢಿ ಹಲವರಲ್ಲಿದೆ. ಬೆರೆಸಿದಾಗ ಬರುವ ನೊರೆಯನ್ನು ಕಂಡು ಶುದ್ಧಿಯಾಯಿತೆಂದು ಭಾವಿಸುವುದುಂಟು. ವಾಸ್ತವವಾಗಿ ಅವೆರಡೂ ಪರಸ್ಪರ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಒಂದನ್ನು ಬಳಸಿ, ತೊಳೆದು ಒಣಗಿಸಿದ ನಂತರವೇ ಅಗತ್ಯವಿದ್ದರೆ ಮತ್ತೊಂದನ್ನು ಬಳಸತಕ್ಕದ್ದು.

3. ಕೆಲಸದ ಅನುಕ್ರಮ

ಮೊದಲನೆಯದಾಗಿ, ಮ್ಯಾಟುಗಳನ್ನು ಹೊರತೆಗೆದು, ಸೀಟಿನ ಸಂದು, ಸೀಟಿನ ಹಳಿಗಳು, ಡಿಕ್ಕಿ ಹಾಗೂ ಹೆಚ್ಚುವರಿ ಚಕ್ರವಿಡುವ ಗುಳಿಯನ್ನು ಪರಿಶೀಲಿಸಬೇಕು. ದ್ರವವು ಇಳಿಜಾರಿನತ್ತ ಹರಿದು ದೂರದಲ್ಲಿ ನಿಂತಿರುವುದುಂಟು. ಎರಡನೆಯದಾಗಿ, ಒಣ ಶೇಷವನ್ನು ತೆಗೆಯಬೇಕು. ಮೂರನೆಯದಾಗಿ, ಮೇಲೆ ಹೇಳಿದಂತೆ ಬಗೆಗೆ ತಕ್ಕ ಶುದ್ಧೀಕರಣ. ನಾಲ್ಕನೆಯದಾಗಿ, ಬಾಗಿಲುಗಳನ್ನು ತೆರೆದು ಸಂಪೂರ್ಣವಾಗಿ ಒಣಗಿಸುವುದು. ಅರೆಬರೆ ಒಣಗಿದ ಫೋಮ್ ಬೂಷ್ಟು ಹಿಡಿಯುವುದರಿಂದ ಮಳೆಗಾಲದಲ್ಲಿ ಈ ಹಂತಕ್ಕೆ ಹೆಚ್ಚಿನ ಗಮನ ಅವಶ್ಯ. ಐದನೆಯದಾಗಿ, ಹವಾನಿಯಂತ್ರಣದ ಫಿಲ್ಟರನ್ನು ಬದಲಿಸುವುದು. ಬಹುತೇಕ ಕಾರುಗಳಲ್ಲಿ ಇದು ಡ್ಯಾಶ್‌ಬೋರ್ಡಿನ ಕೈಪೆಟ್ಟಿಗೆಯ ಹಿಂದೆ ಇರುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ನಿಲ್ಲಿಸಿ, ಹೊರಗಿನ ಗಾಳಿ ಬರುವಂತೆ ಸ್ವಲ್ಪ ಹೊತ್ತು ಓಡಿಸಬೇಕು.

ಕೊನೆಯದು ಪರೀಕ್ಷೆ. ವಾಹನವನ್ನು ಎರಡು ಗಂಟೆ ಬಿಸಿಲಿನಲ್ಲಿ ಮುಚ್ಚಿಟ್ಟು, ಅದನ್ನು ದಿನವೂ ಬಳಸದ ವ್ಯಕ್ತಿಯಿಂದ ಬಾಗಿಲು ತೆಗೆಸಿ ಕೇಳುವುದು ಉತ್ತಮ. ದಿನವೂ ಬಳಸುವವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ. ಚಹಾ ಅಥವಾ ಹಿಟ್ಟು ಸಾಗಿಸುವವರು ಒಂದು ತಟ್ಟೆಯಲ್ಲಿ ಸ್ವಲ್ಪ ಸರಕನ್ನು ರಾತ್ರಿಯಿಡೀ ವಾಹನದೊಳಗಿಟ್ಟು ಬೆಳಿಗ್ಗೆ ಪರೀಕ್ಷಿಸಬಹುದು. ಒಂದು ಹಿಡಿ ಚಹಾ ಕೆಟ್ಟರೂ ಒಂದು ಮೂಟೆ ಉಳಿಯುತ್ತದೆ.

4. ಎಚ್ಚರಿಕೆಗಳು

ಬ್ಲೀಚಿಂಗ್ ದ್ರಾವಣವನ್ನು ವಿನೆಗರ್ ಅಥವಾ ಇತರ ಆಮ್ಲದೊಡನೆ ಎಂದಿಗೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಮುಂದಿನ ಸೀಟುಗಳ ಕೆಳಗೆ ಏರ್‌ಬ್ಯಾಗಿಗೆ ಸಂಬಂಧಿಸಿದ ತಂತಿಗಳಿರಬಹುದಾದ್ದರಿಂದ ನೀರು ಸುರಿಯುವುದು ಸಲ್ಲದು. ಸೀಟು ಬಿಚ್ಚುವ ಕೆಲಸವನ್ನು ವರ್ಕ್‌ಶಾಪಿಗೆ ಬಿಡುವುದೇ ಕ್ಷೇಮ. ಓಜೋನ್ ಯಂತ್ರವನ್ನು ಕೆಲವರು ಶಿಫಾರಸು ಮಾಡುತ್ತಾರೆ. ಓಜೋನ್ ಶ್ವಾಸಕೋಶಕ್ಕೆ ಹಾನಿಕರ. ಅತಿಯಾದರೆ ರಬ್ಬರಿನ ಭಾಗಗಳನ್ನೂ ಕೆಡಿಸುತ್ತದೆ. ಚೆಲ್ಲಿದ ಪದಾರ್ಥವನ್ನು ತೆಗೆಯದೆ ಓಜೋನ್ ಹಾಯಿಸಿದರೆ ವಾಸನೆ ಮರಳುತ್ತದೆ. ನುರಿತವರಿಂದ, ವಾಹನದಲ್ಲಿ ಯಾರೂ ಇಲ್ಲದಾಗ ಮಾತ್ರ ಮಾಡಿಸಿ, ನಂತರ ಚೆನ್ನಾಗಿ ಗಾಳಿಯಾಡಿಸಬೇಕು. ಆಹಾರ ಸಾಗಿಸುವ ವಾಹನದಲ್ಲಿ ನುಸಿಗುಳಿಗೆಗಳನ್ನು ಇಡಲೇಬಾರದು.

5. ಲೆಕ್ಕಪತ್ರ ಹಾಗೂ ತೆರಿಗೆ

ಶುದ್ಧೀಕರಣದ ವೆಚ್ಚವು ವಾಹನದ ನಿರ್ವಹಣಾ ವೆಚ್ಚವಾಗಿದ್ದು, ವ್ಯವಹಾರಕ್ಕೆ ಬಳಸಿದಷ್ಟರ ಮಟ್ಟಿಗೆ ಆಯಾ ವರ್ಷದ ಖರ್ಚಾಗಿ ತೋರಿಸಬಹುದು. ಕುಟುಂಬದ ಬಳಕೆಯೂ ಇದ್ದಲ್ಲಿ ಆ ಪಾಲನ್ನು ಬೇರ್ಪಡಿಸತಕ್ಕದ್ದು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ವಾಹನದ ಬಗೆಯೇ ನಿರ್ಣಾಯಕ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 17(5)ರ ಪ್ರಕಾರ, ಚಾಲಕನೂ ಸೇರಿ 13ಕ್ಕೆ ಮೀರದ ಆಸನಗಳ ಪ್ರಯಾಣಿಕ ವಾಹನದ ಮೇಲೆ ಹಾಗೂ ಅದರ ದುರಸ್ತಿ ಮತ್ತು ನಿರ್ವಹಣೆಯ ಮೇಲೆ ಸಾಮಾನ್ಯವಾಗಿ ಹೂಡುವಳಿ ತೆರಿಗೆಯ ಜಮೆ ದೊರೆಯದು. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ ಹಾಗೂ ಚಾಲನಾ ತರಬೇತಿಯ ವ್ಯವಹಾರಗಳಿಗೆ ವಿನಾಯಿತಿ ಇದೆ. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ಶುದ್ಧೀಕರಣಕ್ಕೆ ರೂ. 4,000 ಹಾಗೂ ಶೇ. 18ರಂತೆ ತೆರಿಗೆ ರೂ. 720 ತೆತ್ತಿದ್ದರೆ, ಸರಕಿನ ವ್ಯಾನಿನ ವಿಷಯದಲ್ಲಿ ನಿವ್ವಳ ವೆಚ್ಚ ರೂ. 4,000, ಕಾರಿನ ವಿಷಯದಲ್ಲಿ ರೂ. 4,720. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಎರಡರಲ್ಲೂ ಜಮೆ ಇಲ್ಲ.

ಇನ್ನೂ ಮುಖ್ಯವಾದುದು ಕೆಟ್ಟ ಸರಕಿನ ಲೆಕ್ಕ. ಕಲಂ 17(5)(ಎಚ್) ಪ್ರಕಾರ ನಾಶವಾದ ಅಥವಾ ಲೆಕ್ಕದಿಂದ ವಜಾ ಮಾಡಿದ ಸರಕಿನ ಮೇಲಿನ ಜಮೆಯನ್ನು ಹಿಂದಿರುಗಿಸಬೇಕು. ಉದಾಹರಣೆಗೆ, ರೂ. 40,000ದ ಚಹಾಪುಡಿಗೆ ಶೇ. 5ರಂತೆ ರೂ. 2,000 ತೆರಿಗೆ ತೆತ್ತು ಜಮೆ ಪಡೆದಿದ್ದಾರೆಂದು ಭಾವಿಸೋಣ. ವಾಸನೆ ಹಿಡಿದ ಕಾರಣ ಎಸೆದರೆ ಒಟ್ಟು ನಷ್ಟ ರೂ. 42,000. ಅದು ಸೇವನೆಗೆ ಸುರಕ್ಷಿತವಾಗಿದ್ದು, ದೋಷವನ್ನು ಖರೀದಿದಾರರಿಗೆ ತಿಳಿಸಿ ರೂ. 28,000ಕ್ಕೆ ತೆರಿಗೆ ಸಹಿತ ಬಿಲ್ಲಿನಲ್ಲಿ ಮಾರಿದರೆ ನಷ್ಟ ರೂ. 12,000 ಮಾತ್ರ, ಜಮೆಯೂ ಉಳಿಯುತ್ತದೆ. ಸುರಕ್ಷಿತವಲ್ಲದ ಆಹಾರವನ್ನು ಯಾವ ಬೆಲೆಗೂ ಮಾರುವಂತಿಲ್ಲ ಎಂಬುದನ್ನು ಮರೆಯಬಾರದು.

ಬಾಡಿಗೆ ಲಾರಿಯಿಂದ ಬಂದ ಸರಕಿಗೆ ವಾಸನೆ ತಗುಲಿದ್ದರೆ, ಇಳಿಸುವಾಗಲೇ ಸ್ವೀಕೃತಿ ಪತ್ರದ ಮೇಲೆ ಅದನ್ನು ನಮೂದಿಸಿ, ಛಾಯಾಚಿತ್ರ ಹಾಗೂ ಮಾದರಿಯನ್ನು ಇಟ್ಟುಕೊಳ್ಳಬೇಕು. ರಸ್ತೆ ಸಾಗಣೆ ಅಧಿನಿಯಮ, 2007ರ ಕಲಂ 16ರಂತೆ, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸು ನೀಡದಿದ್ದರೆ ದಾವೆ ಹೂಡಲು ಅವಕಾಶವಿಲ್ಲ. ಬಾಯಿಮಾತಿನ ದೂರು ಈ ಷರತ್ತನ್ನು ಪೂರೈಸುವುದಿಲ್ಲ.

6. ತಡೆಯುವ ಕ್ರಮ

ವಾಸನೆಯುಳ್ಳ ಸರಕಿಗೆ ಬಿಗಿಮುಚ್ಚಳದ ಡಬ್ಬ, ನೆಲಕ್ಕೆ ತೊಳೆಯಬಹುದಾದ ತಟ್ಟೆಯಾಕಾರದ ಹಾಸು, ಹಾಗೂ ವಾಹನದಲ್ಲಿ ಒಂದು ಚಿಕ್ಕ ದಾಖಲೆ ಪುಸ್ತಕ ಇವು ಅಲ್ಪ ವೆಚ್ಚದ ಸಾಧನಗಳು. ಯಾವ ದಿನ ಯಾವ ಸರಕು ಹೋಯಿತು, ನಂತರ ಶುದ್ಧಿ ಮಾಡಿದ್ದು ಯಾರು ಎಂಬುದನ್ನು ಚಾಲಕರು ಬರೆದಿಡಲಿ. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಾವಳಿಯ ನಾಲ್ಕನೆಯ ಅನುಸೂಚಿಯು ಬೇರೆ ಬೇರೆ ಸರಕು ಸಾಗಿಸುವ ವಾಹನವನ್ನು ಪ್ರತಿ ಹೇರಿನ ನಡುವೆ ಶುದ್ಧಗೊಳಿಸಬೇಕೆಂದು ಹೇಳುತ್ತದೆ. ತಪಾಸಣೆಯ ಸಂದರ್ಭದಲ್ಲಿ ಈ ಪುಸ್ತಕವೇ ಆಧಾರವಾಗುತ್ತದೆ.

ಚೆಲ್ಲಿದ ಹಾಲನ್ನು ಅದೇ ಗಳಿಗೆಯಲ್ಲಿ ತೆಗೆದರೆ ತಣ್ಣೀರು, ಬಟ್ಟೆ ಸಾಕು. ಒಂದು ವಾರ ಬಿಟ್ಟರೆ ಸೀಟು ಬಿಚ್ಚಬೇಕಾಗುತ್ತದೆ, ಒಂದು ತಿಂಗಳು ಬಿಟ್ಟರೆ ಫೋಮನ್ನೇ ಬದಲಿಸಬೇಕಾಗಬಹುದು. ಆದುದರಿಂದ ಸದಸ್ಯರು ತಮ್ಮ ಚಾಲಕರಿಗೆ ಈ ಕ್ರಮವನ್ನು ತಿಳಿಸಿ, ಚೆಲ್ಲಿದ್ದನ್ನು ಮುಚ್ಚಿಡದೆ ಕೂಡಲೇ ಹೇಳುವ ಧೈರ್ಯವನ್ನೂ ಅವರಿಗೆ ಕೊಡುವುದು ವ್ಯವಹಾರದ ಹಿತದೃಷ್ಟಿಯಿಂದ ಅಪೇಕ್ಷಣೀಯ.